ಏರದ ದಿನ

ಇವತ್ತು ಏರುವುದಿಲ್ಲ.
ಇವತ್ತು ಸುಮ್ಮನೆ ಇರುವುದು,
ನಾಲ್ಕು ಸಾವಿರದ ಮುನ್ನೂರು ಮೀಟರಿನ ಮೇಲೆ
ಕುರಿದೊಡ್ಡಿಯ ಕಲ್ಲುಗೋಡೆಗೆ ಬೆನ್ನು ಕೊಟ್ಟು
ರಕ್ತ ಮಂದವಾಗಲೆಂದು ಕಾಯುವುದು.

"ಕುದುರೆಗೆ ದಣಿವಿಲ್ಲ, ನನಗೂ ಇಲ್ಲ,
ಆದರೂ ನಾಳೆಯೇ" ಎಂದ ಹಿಲಾರಿಯೊ
ಹಗ್ಗ ಸುತ್ತಿಕೊಂಡು ಗುಡ್ಡದ ಮರೆಗೆ ಹೋದ.
ಎದುರಿಗೆ ಆಸಂಗಾತೆ,
ಯಾರನ್ನೂ ಕರೆಯದ, ಯಾರನ್ನೂ ಬೇಡವೆನ್ನದ
ಅಷ್ಟೆತ್ತರದ ಬಿಳುಪು.

ವಾರಿಜ ಬೆರಳಿಗೆ ಕ್ಲಿಪ್ಪು ಸಿಕ್ಕಿಸಿಕೊಂಡಳು.
ಕೆಂಪು ಅಂಕಿ ಮಿನುಗಿತು: ಎಪ್ಪತ್ತೊಂಬತ್ತು.
"ಎಂಬತ್ತಾರು" ಎಂದಳು, ಕೈ ಮುಷ್ಟಿ ಮಾಡಿ.
ತಲೆನೋವಾ?
ಇಲ್ಲ.
ಒಂದು ತುತ್ತು ಸೂಪು?
ಆಮೇಲೆ.
ಬೂಟಿನ ದಾರ ಕಟ್ಟುವುದಕ್ಕೆ ಬಗ್ಗಿದವಳು
ಅರ್ಧಕ್ಕೇ ಎದ್ದು, ಮೋಡ ನೋಡುವವಳಂತೆ ನಿಂತಳು.
ಮೋಡವೇ ಇರಲಿಲ್ಲ.

ನಮ್ಮಿಬ್ಬರ ನಡುವೆ ಹನ್ನೊಂದು ವರ್ಷದ ಒಂದು ಮಾತಿದೆ.
ಡೇರೆ, ಸ್ಟೌ, ಅಕ್ಕಿ ಎಲ್ಲವನ್ನೂ ಕುದುರೆಗೆ ಹೇರಿದೆವು,
ಅದೊಂದನ್ನು ಮಾತ್ರ ಹೊತ್ತು ತಂದೆವು
ಅವರವರ ಬೆನ್ನಿನ ಮೇಲೆ.

ದೊಡ್ಡಿಯಾಚೆ, ಒಣಹುಲ್ಲಿನ ಮೇಲೆ
ಹಿಲಾರಿಯೊನ ಸೋದರತ್ತೆ ಸತುರ್ನೀನಾ
ಆಲೂಗಡ್ಡೆ ಹರವಿದ್ದಳು, ಬೆರಳ ಗಾತ್ರದವು, ಮುಷ್ಟಿ ಗಾತ್ರದವು.
ಮೂರು ರಾತ್ರಿಯ ಹಿಮಕ್ಕೆ ಕಲ್ಲಾಗಿ
ಮೂರು ಹಗಲಿನ ಬಿಸಿಲಿಗೆ ಮೆತ್ತಗಾಗಿ
ಇವತ್ತು ತುಳಿಸಿಕೊಳ್ಳಲು ಬಂದು ಕೂತಿದ್ದವು.
ತುಳಿದು ನೀರು ಹಿಂಡಿ ಒಣಗಿಸಿದರೆ
ಹತ್ತು ವರ್ಷ ಕೆಡುವುದಿಲ್ಲವಂತೆ.
"ಕೆಲವು ನನ್ನ ಗಂಡನಿಗಿಂತ ಹೆಚ್ಚು ಬಾಳಿದವು"
ಎಂದು ಮುದುಕಿ ನಕ್ಕಳು.
ಮೊಮ್ಮಗ ವಿಲ್ಬೆರ್ ಅದನ್ನು ಸ್ಪ್ಯಾನಿಷಿಗೆ ತಂದ,
ಅಲ್ಲಿಂದ ವಾರಿಜ ನನಗೆ ತಂದಳು.
ನಗು ನನ್ನ ತನಕ ಬರುವಾಗ ಸ್ವಲ್ಪ ತಣ್ಣಗಾಗಿತ್ತು.

ಕೋಕಾ ಎಲೆ ಮೂರು ಆಯ್ದು, ಬೀಸಣಿಗೆಯಂತೆ ಹಿಡಿದು
ಮೊದಲು ಬೆಟ್ಟದ ಕಡೆಗೆ ಉಸಿರೂದಿದಳು,
ಆಮೇಲೆ ನಮಗೆ, ವೀಳ್ಯ ಕೊಡುವ ಹಾಗೆ.
ಸುಣ್ಣದ ಬದಲು ಬೂದಿಯ ಚೂರು.
ದವಡೆಯಲ್ಲಿ ಕಹಿ ನೆನೆಯುತ್ತಿರಲು ಕೇಳಿದಳು:
"ಅಲ್ಲಿ ಮೇಲೆ ಏನು ಕಳೆದುಕೊಂಡಿದ್ದೀರಿ?
ಅಲ್ಪಾಕವೇ?"
ಇಬ್ಬರಿಗೂ ಉತ್ತರ ಹೊಳೆಯಲಿಲ್ಲ.
"ಹಾಗಾದರೆ ಬನ್ನಿ, ತುಳಿಯಿರಿ."

ಎರಡೆರಡು ಜೊತೆ ಕಾಲುಚೀಲ ಕಳಚಿದೆವು.
ವಾರಿಜಳ ಹೆಬ್ಬೆರಳಿಗೆ ಬ್ಯಾಂಡೇಜು,
ಅದನ್ನೂ ನನಗೆ ಹೇಳಿರಲಿಲ್ಲ.
ಪಚಕ್, ಪಚಕ್,
ಕಾಲ್ಬೆರಳ ಸಂದಿಯಲ್ಲಿ ಐಸಿನ ನೀರು,
ಸಿಪ್ಪೆ ಜಾರುವ ನುಣುಪು, ಮಣ್ಣಿನ ಹಳಸು ವಾಸನೆ.
ಆರು ಹೆಜ್ಜೆಗೊಮ್ಮೆ ನಿಂತು, ಸೊಂಟಕ್ಕೆ ಕೈ.
ವಿಲ್ಬೆರ್ ಬಾಯಿ ಮುಚ್ಚಿಕೊಂಡು ನಗುತ್ತಿದ್ದ.

"ಆವತ್ತು..." ಎಂದಳು.
ಉಸಿರು.
"ನಿನ್ನಮ್ಮ ಹೋದಾಗ..."
ಉಸಿರು.
"ಬರಬೇಕಿತ್ತು, ನಾನು."

ಇದಕ್ಕೆ ನನ್ನ ಹತ್ತಿರ ಉತ್ತರ ಸಿದ್ಧವಿತ್ತು,
ಹನ್ನೊಂದು ವರ್ಷ ತಿದ್ದಿ ತೀಡಿದ್ದು.
ಮೊದಲಿಗೆ ವ್ಯಂಗ್ಯ, ನಡುವೆ ಎರಡು ಉದಾಹರಣೆ,
ಕೊನೆಗೆ ಬಾಗಿಲು ಹಾಕಿದಂಥ ಒಂದು ವಾಕ್ಯ.
ಆದರೆ ಇಲ್ಲಿ ಬೈಯುವುದಕ್ಕೂ ಗಾಳಿ ಬೇಕು.
ಬಾಯಿಗೆ ಬಂದದ್ದು ಇಷ್ಟೇ:
"ಹೂಂ."
ಮತ್ತೆ ಪಚಕ್, ಪಚಕ್.

ಸ್ವಲ್ಪ ಹೊತ್ತಿಗೆ,
"ಎಪ್ಪತ್ತೊಂಬತ್ತು" ಎಂದಳು. "ಬೆಳಿಗ್ಗೆ."
"ಗೊತ್ತು."
"ತಲೆ ಸಿಡೀತಿದೆ."
"ಅದೂ ಗೊತ್ತು."
ಅವಳು ನನ್ನ ತೋಳು ಹಿಡಿದದ್ದು
ಜಾರಬಾರದೆಂದೋ ಏನೋ. ಬಿಡಲಿಲ್ಲ.

ರಾತ್ರಿ ಡೇರೆಯೊಳಗೆ ಅವಳ ಉಸಿರು
ಒಮ್ಮೊಮ್ಮೆ ನಿಂತೇ ಹೋಗುತ್ತದೆ, ಎತ್ತರದಲ್ಲಿ ಹಾಗಾಗುತ್ತದಂತೆ.
ಒಂದು, ಎರಡು, ಏಳು, ಹನ್ನೊಂದು.
ಆಮೇಲೆ ಕೊಡ ತುಂಬಿದಂತೆ ದಡಬಡನೆ ಬರುತ್ತದೆ.
ಹೊರಗೆ, ನಾಳೆ ತುಳಿಯಬೇಕಾದ ಇನ್ನೊಂದು ರಾಶಿ
ನಕ್ಷತ್ರಗಳ ಕೆಳಗೆ ಟಕ್ ಟಕ್ಕೆಂದು ಹೆಪ್ಪುಗಟ್ಟುತ್ತಿದೆ.
ನಾನು ಎಣಿಸುವುದನ್ನು ಬಿಡದೆ ಮಲಗಿದ್ದೇನೆ.

ಬೆಳಗಾಯಿತು. ಡೇರೆಯ ಬಾಯಲ್ಲಿ ಹಿಲಾರಿಯೊ:
"ಏರುವುದೋ? ಇಳಿಯುವುದೋ?"
ವಾರಿಜ ಬೆರಳಿಗೆ ಕ್ಲಿಪ್ಪು ಹಾಕಿ
ಕಣ್ಣು ಮುಚ್ಚಿ, ಕೈ ನನ್ನ ಕಡೆ ಚಾಚಿದ್ದಾಳೆ:
"ನೀನೇ ಓದು."

ನಾನು ಕನ್ನಡಕ ಹುಡುಕುತ್ತಿದ್ದೇನೆ.