ಹೆಪ್ಪು

ಶಿಡ್ಲಘಟ್ಟದಲ್ಲಿ ಬೆಳಿಗ್ಗೆ ಎಂಟಕ್ಕೇ
ಬೆಂದ ಗೂಡಿನ ವಾಸನೆ.
ಅನ್ಸರ್ ಸಾಬರ ಫಿಲೇಚರಿನ ಮೂಲೆಯಲ್ಲಿ
ಕಂಪ್ಯೂಟರು ಎದ್ದಿಲ್ಲ.
ಕಪ್ಪು ಪರದೆ, ಒಂದು ಬಿಳಿ ಸಾಲು,
ಕೆಳಗೆ ಮಿಣುಕುವ ಗೆರೆ,
ಏನೋ ಹೇಳಲು ಬಂದು ಮರೆತವರ ಹಾಗೆ.

ಶನಿವಾರ. ಬಟವಾಡೆ.
ಹನ್ನೆರಡು ಬೇಸಿನ್ನು, ಹನ್ನೆರಡು ಹೆಂಗಸರು,
ಯಾರೂ ಇತ್ತ ತಿರುಗುತ್ತಿಲ್ಲ,
ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ.

"ಏಳು ವರ್ಷದ ಲೆಕ್ಕ ಕಣಪ್ಪ," ಅಂದರು ಸಾಬರು,
"ಯಾರಿಗೆ ಎಷ್ಟು ಅಡ್ವಾನ್ಸು, ಎಲ್ಲಾ ಅದರಲ್ಲೇ."
ಸತ್ತರೆ ಸಾಯಲಿ ಈ ಡಬ್ಬ,
ಹನ್ನೆರಡು ಮನೆಗೆ ಇವತ್ತು ಹಬ್ಬ
ಅನಿಸಿತು. ಸ್ಕ್ರೂಡ್ರೈವರು ಕೈಯಲ್ಲೇ ಇತ್ತು.

ಚೀಲ ತಡಕಿದರೆ ಪೆನ್ ಡ್ರೈವ್ ಇಲ್ಲ.
ಸೋಮವಾರ ಕೊಡುತ್ತೇನೆಂದು ಒಯ್ದ ಚಿಂತಾಮಣಿಯವನು
ಯಾವ ಸೋಮವಾರವೆಂದು ಹೇಳಿರಲಿಲ್ಲ.
"ಯಾರ ಹತ್ರಾನಾದ್ರೂ ಇದೆಯಾ? ಎಂಟು ಜಿಬಿ ಸಾಕು."

ನಾಲ್ಕನೇ ಬೇಸಿನ್ನಿನ ಮುನೆಕ್ಕ
ಬಿಸಿನೀರಿಗೆ ಬೆಳ್ಳಗೆ ಸುಕ್ಕಾದ ಬೆರಳು
ಸೆರಗಿಗೆ ಒರೆಸಿ, ಎಲೆಅಡಿಕೆ ಚೀಲದಿಂದ ತೆಗೆದಳು:
ಮಗನ ಆಟೋದ್ದು. ನಾನೂರು ಹಾಡು.

"ಅಕ್ಕ, ಇರೋದೆಲ್ಲ ಅಳಿಸಿಹೋಗುತ್ತೆ."
"ಹೋಗ್ಲಿ ಬಿಡು. ಅವನಿಗೆ ಬಾಯಿಗೆ ಬರ್ತವೆ.
ನಮ್ಮ ಬೀದಿಗೇ ಬಾಯಿಗೆ ಬರ್ತವೆ."

ಪಕ್ಕದ ಗಂಗುಲಪ್ಪನ ಸ್ಟುಡಿಯೋದಲ್ಲಿ
ಗಟ್ಟಿಮುಟ್ಟಾದ ಕಂಪ್ಯೂಟರೊಂದಿದೆ.
ಚುಚ್ಚಿದೆ. ಅಳಿಸು ಎಂದೆ.
ನಿಜವಾಗಿಯೂ? ಎಂದಿತು.
ಹೌದು.
ನಾಲ್ಕನೇ ಜ್ವರದಿಂದ ಎದ್ದ ಹುಳ ಸೊಪ್ಪು ಮೇಯುವಂತೆ
ಹಸಿರು ಪಟ್ಟಿ ಮೇಯುತ್ತ ಹೋಯಿತು.

ಬೆನ್ನ ಹಿಂದೆ ಮುನೆಕ್ಕ:
"ಇದರೊಳಕ್ಕೆ ಏನು ತುಂಬ್ತಿದೀಯ?"
ಬೂಟು, ಇಮೇಜು, ರಿಕವರಿ...
ನಾಲಿಗೆ ತೊಡರಿತು.
"ಹೆಪ್ಪು," ಅಂದೆ. "ಮನೇದು ಕೆಟ್ಟಾಗ
ಪಕ್ಕದ ಮನೆಯಿಂದ ಒಂದು ಚಮಚ ತರೋಲ್ವ."
"ದೀಪ ಹಚ್ಚಿದ ಮೇಲೆ ಕೊಡಲ್ಲ," ಅಂದಳು.
ನಗಲಿಲ್ಲ.

ಅರವತ್ತು. ಅರವತ್ತೊಂದು.
"ನಿನ್ನ ಹೆಸರಲ್ಲೂ ಅಡ್ವಾನ್ಸು ಇರಬೇಕಲ್ಲಕ್ಕ?"
"ಮೂವತ್ತು ಸಾವಿರ."
"ಮತ್ತೆ?"
ಗೂಡಿನ ಮೇಲೆ ಎಳೆಯ ತುದಿ ಹುಡುಕುವಂತೆ
ಬೆರಳು ಗಾಳಿಯಲ್ಲಿ ಆಡಿಸಿದಳು.
"ಇಸ್ಕೊಂಡಿದ್ದು ಸಾಬ್ರ ತಲೇಲೂ ಐತೆ.
ಕಟ್ಟಿದ್ದು ಅದರಾಗೆ ಮಾತ್ರ ಐತೆ."

ವಾಪಸು ಬಂದು ಚುಚ್ಚಿ
ಎಫ್ ಹನ್ನೆರಡನ್ನು ಬಡಿದೆ, ಬಡಿದೆ,
ಬಾಗಿಲು ಬಡಿಯುವ ಸಾಲಗಾರನ ಹಾಗಲ್ಲ,
ಒಳಗೆ ಮಲಗಿದ ನೆಂಟನನ್ನು ಎಬ್ಬಿಸುವ ಹಾಗೆ.
ಎದ್ದಿತು. ತನ್ನ ಉಸಿರಲ್ಲಲ್ಲ, ಆಟೋದವನ ಕಡ್ಡಿಯ ಉಸಿರಲ್ಲಿ.
ಒಳಗೆ ಹಳೆಯ ಕಪಾಟು, ಹಾಗೇ ಇತ್ತು.

ಮುನೆಕ್ಕ: ಇನ್ನೂರು, ಇನ್ನೂರು, ನೂರೈವತ್ತು,
ಮಗನ ಜ್ವರದ ವಾರ ಸೊನ್ನೆ, ಮತ್ತೆ ಇನ್ನೂರು.
ಬಾಕಿ ಎರಡು ಸಾವಿರದ ನಾನೂರು.
ಸಾಬರು ಕನ್ನಡಕ ಏರಿಸಿ ಓದಿದರು.
ಒರೆಸಿ, ಇನ್ನೊಮ್ಮೆ.
ಹನ್ನೆರಡು ಬೇಸಿನ್ನಿನಲ್ಲೂ ನೀರು ಕುದಿಯುತ್ತಿತ್ತು.

ಹೊರಡುವಾಗ ಅಂದೆ, "ನಾಳೆ ಹಾಡು ತುಂಬಿ ಕೊಡ್ತೀನಿ."
"ಹೆಪ್ಪು ಇನ್ನೂ ಒಳಗೈತಾ?"
"ಐತೆ."
"ಹಂಗೇ ಇರ್ಲಿ."
ಸುಣ್ಣದ ಡಬ್ಬಿಯ ಪಕ್ಕ ಸೇರಿಸಿ, ದಾರ ಎಳೆದಳು.

ಅವತ್ತು ರಾತ್ರಿ ದಿಬ್ಬೂರಹಳ್ಳಿ ರಸ್ತೆಯಲ್ಲಿ
ಒಂದು ಆಟೋ ಹೋಯಿತು,
ಚಾಲಕನೇ ಹಾಡುತ್ತಿದ್ದ,
ಎರಡನೇ ಚರಣ ಪೂರಾ ತಪ್ಪು.