ಮಸ್ಟರಿನಲ್ಲಿ ಒಂಬತ್ತು

ಬೈತಖೋಲದ ಐಸ್ ಫ್ಯಾಕ್ಟರಿಯಲ್ಲಿ
ಮಸ್ಟರ್ ಬರೆಯುವವಳು ನಾನು.
ಹದಿನಾಲ್ಕು ವರ್ಷದಿಂದ ಒಂಬತ್ತು ಹೆಸರು,
ಉದ್ದನೆಯ ಪುಸ್ತಕದಲ್ಲಿ,
ಒಂಬತ್ತರ ಕೆಳಗೆ ಸ್ಕೇಲಿಟ್ಟು ಅಡ್ಡಗೆರೆ.

ಗೆರೆಯ ಕೆಳಗೂ ಜನರಿದ್ದರು.

ಇನಾಸ್ ರೆಬೆಲ್ಲೊ ಇದ್ದ. ರಾತ್ರಿ ಪಾಳಿ.
ಡಬ್ಬಿಯಿಂದ ಗಡ್ಡೆ ಕಳಚಿ
ಇಕ್ಕಳ ಹಿಡಿದು ಇಳಿಜಾರಿಗೆ ಬಿಡುವವ.
ಬೋಟಿನವರ ಬೈಗುಳ ಮೇಲೆ ಮುಟ್ಟುವ ಮೊದಲೇ
ಅವನ ಗಡ್ಡೆ ಕೆಳಗೆ ಮುಟ್ಟಿರುತ್ತಿತ್ತು.
ಸಂಬಳ ಅವನಿಗೂ ಇತ್ತು, ತಪ್ಪದೆ ಏಳನೇ ತಾರೀಕು,
ಲಕೋಟೆಯಲ್ಲಿ. ಹೆಸರು ಮಾತ್ರ ಇರಲಿಲ್ಲ.

"ಹತ್ತಾದರೆ ಇಎಸ್‌ಐ ಮಾರಾಯ್ತಿ," ಅಂದಿದ್ದರು ಶೇಟರು
ಮೊದಲ ದಿನವೇ, ಕನ್ನಡಕ ಒರೆಸುತ್ತ,
"ಫಾರ್ಮು, ಆಫೀಸು, ಇನ್ಸ್‌ಪೆಕ್ಟರು, ಅವನಿಗೆ ಚಾ.
ಕರೆಂಟ್ ಬಿಲ್ಲು ನೋಡಿದ್ದೀಯಲ್ಲ?"
ನೋಡಿದ್ದೆ. ಅದನ್ನೂ ನಾನೇ ಕಟ್ಟಿ ಬರುವುದು.
ಕೆಟ್ಟವರು ಅಂತಲ್ಲ ಶೇಟರು;
ಚೌತಿಗೆ ಎಲ್ಲರಿಗೂ ಪಂಚೆ,
ನಾತಾಳಕ್ಕೆ ಇನಾಸನಿಗೆ ಪ್ಯಾಂಟಿನ ಬಟ್ಟೆ.

ವಿಠೋಬ ಪಡ್ತಿ ಒಂಬತ್ತರಲ್ಲಿ ಒಂದನೆಯವ.
ಮೂವತ್ತೊಂದು ವರ್ಷ ಅಮೋನಿಯಾ ಕುಡಿದು
ಕಳೆದ ಮೇ ತಿಂಗಳು ನಿಂತ.
ಶಾಲು, ಗೋಡೆ ಗಡಿಯಾರ, ಒಂದು ಫೋಟೋ.
ಅವನ ಸಾಲಿಗೆ ಅವನ ತಂಗಿಯ ಮಗ ಬಂದ.
ಇನಾಸ್ ಆಗಲೂ ಏನೂ ಕೇಳಲಿಲ್ಲ.
ವಿಠೋಬ ಈಗಲೂ ದಿನಾ ಬರುತ್ತಾನೆ, ಬೆಳಗ್ಗೆ ಆರಕ್ಕೆ,
ಗೋಣಿಚೀಲ ಹಿಡಿದು. ಹೆಂಡತಿಯ ಮೀನಿನ ಬುಟ್ಟಿಗೆ
ಪುಕ್ಕಟೆ ಒಂದು ತುಂಡು, ಶೇಟರ ಅಪ್ಪಣೆ, ಬದುಕಿರುವತನಕ.
"ಇದೇ ನನ್ನ ಪೆನ್ಷನ್ನು ಅಕ್ಕೋರೆ," ಅನ್ನುತ್ತಾನೆ,
ಬೇಗ ಬೇಗ ಹೆಜ್ಜೆ ಹಾಕುತ್ತಾನೆ.
ಹೊಟ್ಟು ಸುತ್ತಿದರೂ
ಅಲಿಗದ್ದಾ ಮುಟ್ಟುವಷ್ಟರಲ್ಲಿ ಕಾಲುಪಾಲು ರಸ್ತೆಗೆ.

ಆಗಸ್ಟು. ನಿಷೇಧ ಕಳೆದು ಬೋಟುಗಳೆಲ್ಲ
ಒಟ್ಟಿಗೇ ಐಸು ಕೇಳಿದ ರಾತ್ರಿ
ಇಕ್ಕಳ ಜಾರಿತು.
ಐವತ್ತು ಕೇಜಿ, ಇನಾಸನ ಎಡಪಾದದ ಮೇಲೆ.
ಎತ್ತಿದವ ಬೊಮ್ಮು ಗೌಡ, ಬರಿಗೈಯಲ್ಲಿ.
ರಿಕ್ಷಾದ ಸೀಟಿನಲ್ಲಿ ನೀರೂ ರಕ್ತವೂ,
ಯಾವುದು ಎಷ್ಟು ಅಂತ ತಿಳಿಯಲಿಲ್ಲ.

ಆಸ್ಪತ್ರೆಯಲ್ಲಿ ಕೇಳಿದರು: "ಕೆಲಸ ಎಲ್ಲಿ?"
ಇನಾಸ್ ನನ್ನ ಮುಖ ನೋಡಿದ.
ನಾನು ಅಂದೆ: "ಕೂಲಿ. ಅಲ್ಲಿ ಇಲ್ಲಿ."
ಎಷ್ಟು ಸಲೀಸಾಗಿ ಬಂತು ಮಾತು,
ಸ್ಕೇಲಿಟ್ಟು ಎಳೆದ ಹಾಗೆ.

ಒಂದು ತಗಡು, ಆರು ಮೊಳೆ, ಅರವತ್ತೆಂಟು ಸಾವಿರ.
ಶೇಟರು ಕೊಟ್ಟರು, ಪೂರ್ತಿ, ಮುಖ ಗಂಟಿಕ್ಕದೆ.
ಯಾವ ಖಾತೆಗೆ ಬರೆಯಲಿ ಎಂದು ಕೇಳಿದ್ದಕ್ಕೆ
ತುಸು ಹೊತ್ತು ತೊಟ್ಟಿಯ ಕಡೆ ನೋಡಿ
"ಉಪ್ಪು" ಅಂದರು.
ಬರೆದೆ. ಆ ವರ್ಷ ನಾವು ಸುರಿದಷ್ಟು ಉಪ್ಪು
ಸಾಣಿಕಟ್ಟಾದ ಗದ್ದೆಗಳಲ್ಲೂ ಬೆಳೆದಿರಲಿಕ್ಕಿಲ್ಲ.

ಅದೇ ಪುಟದ ಹಿಂದೆ ಇನ್ನೊಂದು ಲೆಕ್ಕ ಹಾಕಿದೆ:
ನೂರಕ್ಕೆ ಮೂರೂಕಾಲು ನಿಮ್ಮದು, ಮುಕ್ಕಾಲು ಅವರದ್ದು.
ಆ ಉಪ್ಪಿನಲ್ಲಿ ಹತ್ತೂ ಜನರ ಹದಿನಾಲ್ಕು ತಿಂಗಳು.
ಶೇಟರು ಎರಡು ಸಲ ಕೂಡಿಸಿ ನೋಡಿದರು.
"ಅಡ್ಡಿಲ್ಲ," ಅಂದರು.
ನಮ್ಮ ಕಡೆ ಅದು ಹೂಂ ಅಂತಲೂ ಹೌದು,
ಆಮೇಲೆ ನೋಡುವಾ ಅಂತಲೂ.
ನಾನು ಹೂಂ ಅಂತ ಕೇಳಿಸಿಕೊಂಡೆ.

ಕೋಲೂರಿ ಬಂದ ಇನಾಸ್ ಸ್ಟೂಲಿನ ಮೇಲೆ ಕೂತ.
ಹುಟ್ಟಿದ ದಿನ? ಮಾಂಡೋವಿ ಹಡಗು ಮುಳುಗಿದ ಮಳೆಗಾಲ.
ಅಂದಾಜು ಹಾಕಿದೆ.
ನಾಮಿನಿ? ತಾಯಿಯಿಲ್ಲ, ಮದುವೆಯಿಲ್ಲ.
"ಬೊಮ್ಮು ಗೌಡ ಅಂತ ಬರೀರಿ."
ಸಂಬಂಧ?
ಕೋಲಿನ ತುದಿಯಿಂದ ನೆಲ ಕೆರೆದ.
"ಗಡ್ಡೆ ಎತ್ತಿದವ."
ಅಷ್ಟು ಆ ಖಾನೆಯಲ್ಲಿ ಹಿಡಿಯುವುದಿಲ್ಲ,
ಆಫೀಸಿನವರು ಒಪ್ಪುವುದೂ ಇಲ್ಲ.
ಸದ್ಯಕ್ಕೆ ಪೆನ್ಸಿಲ್ಲಿನಲ್ಲಿ ಬರೆದಿಟ್ಟಿದ್ದೇನೆ.

ಹತ್ತನೆಯ ಹೆಸರು ಬರೆದು ಸ್ಕೇಲಿಡುವಾಗ
ಬಾಗಿಲಲ್ಲಿ ವಿಠೋಬ, ಗೋಣಿ ಹೆಗಲಲ್ಲಿ.
ಇಣುಕಿ, ಬೆರಳು ಮಡಚಿ ಎಣಿಸಿದ.
"ಹತ್ತಾಯ್ತಲ್ಲ. ನಿಮ್ಮದು ಎಷ್ಟನೇದು ಅಕ್ಕೋರೆ?"

ಗೋಣಿಯಿಂದ ಹನಿ ಬೀಳುತ್ತಿತ್ತು.
"ಕರಗ್ತದೆ," ಅಂದೆ, "ನೀ ಮೊದಲು ಹೋಗು ಮಾರಾಯ."