ಮುಂದಿನ ಗಾಜು

ನಸುಕಿನ ಮೂರಕ್ಕ ಮುಳಗುಂದ ಬಿಟ್ಟರ
ಹುಲಕೋಟಿ ದಾಟೂದರಾಗ ಗಾಜು ಕುರುಡಾಗತೈತಿ.

ಹಿಂದ ಮೆಂತ್ಯ, ರಾಜಗಿರಿ, ಕೊತ್ತಂಬರಿ,
ಪುಷ್ಯಾ ಮಳ್ಯಾಗ ಕಿತ್ತದ್ದು,
ಬೇರಿಗೆ ಎರಿಮಣ್ಣು ಕಟಗೊಂಡ ಬಂದದ್ದು.
ಕಿತ್ತ ಮ್ಯಾಲೂ ಪಲ್ಯೆ ಉಸಿರಾಡತೈತಿ.
ಇದು ನನಗ ಯಾರೂ ಹೇಳಿರಲಿಲ್ಲ,
ಗಾಜು ಹೇಳಿಕೊಟ್ಟಿತು.
ಬಲಕ ಸ್ಟೇರಿಂಗ್ ಹಿಡದು ನಾನು.
ಎಡಕ ಫಕೀರವ್ವ,
ತೊಡಿ ಮ್ಯಾಲ ಹಸೀ ಗೋಣಿಚೀಲ,
ದವಡ್ಯಾಗ ಎಲಿ, ನಾಲಿಗಿ ಮ್ಯಾಲ ಇಡೀ ಊರು.

ಓಮ್ನಿಗೆ ಏಸಿ ಇಲ್ಲ. ಇದ್ದಿದ್ದರ
ಒಂದ ಬಟನ್ ಒತ್ತಿದರ ಮುಗೀತಿತ್ತಂತ,
ದೊಡ್ಡ ಕಾರಿನವರು ಅಂತಾರ.
ನನಗ ಬುದ್ಧಿ ಹೇಳಿದವರು ಬ್ಯಾರೆ.
ಗದಗ ಸ್ಟ್ಯಾಂಡಿನ್ಯಾಗ ಮಾಬುಲಿ
"ಬಟಾಟಿ ಹೆಚ್ಚಿ ತಿಕ್ಕು" ಅಂದ. ತಿಕ್ಕಿದೆ.
ಎರಡ ದಿನ ಛಲೋ. ಮೂರನೇ ದಿನ
ಎದುರಿನ ಲಾರಿ ಬೆಳಕಿಗೆ ಗಾಜಿನ ತುಂಬ ಬಿಳೇ ಗೆರಿ,
ಯಾರೋ ರಂಗೋಲಿ ತುಳದ ಹೋದಂಗ.
ಬಂಕಿನ ಹುಡುಗ ತಂಬಾಕು ಅಂದ.
ಅದನ್ನೂ ಹಚ್ಚಿದೆ. ಫಕೀರವ್ವ ಮೂಗು ಮುರದ್ಲು:
"ಗಾಡಿಗೂ ಚಟಾ ಕಲಿಸಿದೇನೋ ಹಜರೇಸಾಬ?"
ಒಣಾ ಸಾಬಾಣ ಸವರಿ
ಹಳೇ ಪೇಪರಿಲೆ ಹೊಳಿಯೂ ಹಂಗ ಒರಸಿದರ
ಒಂದ ವಾರ ತಡೀತೈತಿ.
ಆಕೀ ಮಾತಿಗೆ ತಡಿಯೂ ಸಾಬಾಣ
ಹುಬ್ಬಳ್ಳ್ಯಾಗ ಯಾವ ಅಂಗಡ್ಯಾಗೂ ಇಲ್ಲ.

ತಂಗೀ ಮಗಳ ಬೀಗತನ ಮುರದ ಸುದ್ದಿಗೆ
ಎಡಗಡೆ ಗಾಜು ಹೋತು.
ದಲಾಲ ತೂಕದಾಗ ಹೊಡದ ರೊಕ್ಕದ ಸುದ್ದಿ ಬಂತು,
ನನ್ನ ಎದುರಿಂದೂ ಹೋತು.

ಅಣ್ಣಿಗೇರಿ ಆಚೆ ಅವತ್ತ ರಾತ್ರಿ
ಹಿಂದಿನ ಲೈಟಿಲ್ಲದ ಒಂದು ಟ್ರ್ಯಾಕ್ಟರ್ ಟೇಲರು
ಹಾಲಿನ್ಯಾಗ ಕರೇ ಇರುವಿ ಕಂಡಂಗ ಕಂಡಿತು,
ಹತ್ತ ಮಾರು ದೂರ ಇದ್ದಾಗ.
ಬ್ರೇಕ್ ತುಳದೆ. ಕೊತ್ತಂಬರಿ ಕಟ್ಟೆಲ್ಲ
ಇಬ್ಬರ ಕುತ್ತಿಗಿ ಮ್ಯಾಲ.
"ಯವ್ವಾ, ನಿನ್ನ ಬಾಯಿಂದನ ಈ ಮುಸುಕು.
ಮಾತು ನಿಂದರಸು."

ಸೂಡು ಕಟ್ಟಿದಂಗ ತುಟಿ ಕಟ್ಟಿದ್ಲು.

ಗಾಜು ತಿಳಿಯಾತು, ಖರೇನ.
ಮೂಲಿ ಮೂಲಿಯಿಂದ ಮುಸುಕು ಸರದು
ರಸ್ತೆ ಬಂತು, ಬಿಳೇ ಪಟ್ಟಿ ಬಂತು,
ನಲವಡಿ ಹೊಲದಾಗ ಮಲಗಿದ ನೀರು ಬಂತು.
ಇಂಜಿನ್ ಒಂದ ಸವನ ಗುಂಯ್ ಅಂತಿತ್ತು.
ಗಾಜಿಂದ ಎದ್ದ ಮುಸುಕು
ಯಾವಾಗ ನನ್ನ ರೆಪ್ಪಿ ಮ್ಯಾಲ ಬಂದು ಕುಂತಿತೋ ಗೊತ್ತಿಲ್ಲ.

ಮೆಂತ್ಯದ ಸೂಡು ಮಾರಿಗೆ ಬಡೀತು.
ಕಣ್ಣು ತಗದರ ಎಡಗಾಲಿ ಎರಿ ರಾಡ್ಯಾಗ,
ಶಿರಗುಪ್ಪಿ ಕಲ್ಲು ಮೂಗಿನ ತುದಿಗೆ.

ಇಬ್ಬರೂ ಇಳದ ನಿಂತ್ವಿ.
ಜಿಟಿಜಿಟಿ ಹಚ್ಚಿತ್ತು.
ಥರ್ಮಾಸಿನ ಚಾ ಆಕೀ ಮುಚ್ಚಳದಾಗ ಹಾಕಿ ಕೊಟ್ಲು,
ಬೈಲಿಲ್ಲ. ಅದ ನನಗ ಹೆಚ್ಚು ಹತ್ತಿತು.

ತಿರುಗಿ ಹತ್ತೂ ಮುಂದ
ಹಸೀ ಗೋಣಿಚೀಲ ಹಿಂದಕ ಒಗದ್ಲು.
ತನ್ನ ಕಿಡಕಿ ಎರಡ ಬೆರಳು ಸರಿಸಿದ್ಲು,
ನನಗೂ "ಸರಸು" ಅಂದ್ಲು.
ಗಂಡನ ಹಳೇ ಧೋತರದ ತುಂಡು
ಚೀಲದಾಗಿಂದ ತಗದ ಕೈಯಾಗ ಹಿಡಕೊಂಡ್ಲು.
"ನೀ ಹೊಡಿ. ಮಾತಾಡಾಕಿ ನಾನು,
ಒರಸಾಕೀನೂ ನಾನು.
ಎಲ್ಲಿಗೆ ಬಂದಿತ್ತು?"
"ದಲಾಲ."
"ಹಾಂ, ಆ ಹಲ್ಕಟ್ಟ..."

ಈಗ ಎರಡ ವರ್ಷಾತು.
ಸಂದಿಲೆ ಬರೂ ಹನಿಗೆ ಆಕೀ ಎಡಭುಜ
ದಿನಾ ತೋಯತೈತಿ.
ನನ್ನ ಕಡೆ ಗಾಜು ತಾಟಿನಷ್ಟು ಅಗಲ ಒರಸತಾಳ,
ತನ್ನ ಕಡೀದು ಹಂಗ ಬಿಡತಾಳ.
ಒಮ್ಮೆ ಕೇಳಿದೆ, ಅದನ್ಯಾಕ ಬಿಡತಿ ಅಂತ.
"ನಾ ನೋಡಿದರ ರಸ್ತೆ ಏನ ಸಣ್ಣದಾಗತೈತೇನ?" ಅಂದು
ಸುಣ್ಣದ ಡಬ್ಬಿ ಹುಡುಕಿದ್ಲು.

ಅಮರಗೋಳದ ದೀಪ ಬಂದು
ಆಕೀ ಗಾಜಿನ್ಯಾಗ ದೊಡ್ಡದಾಗಿ ಒಡೀತಾವ,
ನನ್ನದರಾಗ ಸಣ್ಣಗ, ಸರಿಯಾಗಿ ಅದಾವ.
ದಲಾಲನ ಸುದ್ದಿ ಇನ್ನೂ ಮುಗದಿಲ್ಲ.